ವಾಚು ತೋರಿಸುವ ಬಡಿತವನ್ನು ನಂಬುವ ಮುನ್ನ ನಾಡಿ ಹಿಡಿದು ನೋಡಿ

ಸಂಪಾದಕರಿಗೆ,

ಮಾನ್ಯರೇ,

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದಾಗ ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳಲ್ಲಿ ತಪಾಸಣೆಗೆ ಜನ ಮುಗಿಬಿದ್ದದ್ದು ಓದುಗರಿಗೆ ನೆನಪಿರಬಹುದು. ಆ ಆತಂಕ ಇನ್ನೂ ಪೂರ್ತಿ ಇಳಿದಿಲ್ಲ. ಒಂದೆರಡು ಸಾವಿರ ರೂಪಾಯಿಯ ಫಿಟ್‌ನೆಸ್ ಬ್ಯಾಂಡು, ಸ್ಮಾರ್ಟ್ ವಾಚುಗಳು ಈಗ ಸಣ್ಣ ಊರುಗಳ ಮೊಬೈಲ್ ಅಂಗಡಿಯಲ್ಲೂ ಸಿಗುತ್ತವೆ. ಸುಮ್ಮನೆ ಕೂತಿದ್ದಾಗ ವಾಚು 140 ತೋರಿಸಿತೆಂದು ಗಾಬರಿಯಾಗುವವರಿದ್ದಾರೆ. ಎದೆ ಹಿಂಡಿದಂತಾಗುತ್ತಿದ್ದರೂ ‘ವಾಚಿನಲ್ಲಿ 74 ಇದೆ, ಏನೂ ಆಗಿಲ್ಲ’ ಎಂದು ಮನೆಯಲ್ಲೇ ಉಳಿಯುವವರೂ ಇದ್ದಾರೆ. ನಮಗೆ ಹೆಚ್ಚು ಭಯ ಹುಟ್ಟಿಸುವುದು ಈ ಎರಡನೆಯದು. ಹೃದಯಾಘಾತ ಆಗುತ್ತಿರುವಾಗಲೂ ಬಡಿತದ ಎಣಿಕೆ ಸಹಜವಾಗಿಯೇ ಇರಬಹುದು. ಎದೆನೋವು, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಇದ್ದರೆ ವಾಚಿನ ಕಡೆ ನೋಡಲೇಬೇಡಿ, 108ಕ್ಕೆ ಕರೆ ಮಾಡಿ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸುವ ವ್ಯವಸ್ಥೆ ಇದೆ. ಅಂಥ ಹೊತ್ತಿನಲ್ಲಿ ಉಪಯೋಗಕ್ಕೆ ಬರುವುದು ಆ ಇಸಿಜಿ.

ಈ ಪತ್ರ ಉಳಿದ ಹೊತ್ತಿಗೆ ಸಂಬಂಧಿಸಿದ್ದು. ಮೈ ಚೆನ್ನಾಗಿದೆ, ಆದರೆ ವಾಚಿನ ಅಂಕಿ ತಾಳೆಯಾಗುತ್ತಿಲ್ಲ; ರಾತ್ರಿಯೆಲ್ಲ ಹೊರಳಾಡಿದರೂ ಏಳೂವರೆ ಗಂಟೆ ನಿದ್ದೆ ಎಂದು ತೋರಿಸುತ್ತಿದೆ; ಅಥವಾ ನಿದ್ದೆಯೇ ದಾಖಲಾಗಿಲ್ಲ. ಇಂಥ ದೂರುಗಳಲ್ಲಿ ಹೆಚ್ಚಿನವು ಮನೆಯಲ್ಲೇ ಸರಿಹೋಗುತ್ತವೆ. ಅಂಗಡಿಗೆ ಹೋಗುವ ಮುನ್ನ, ‘ಡಬ್ಬಾ ವಾಚು’ ಎಂದು ಮೂಲೆಗೆ ಎಸೆಯುವ ಮುನ್ನ ಮಾಡಬೇಕಾದ ಪರೀಕ್ಷೆಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ವಾಚನ್ನು ಮಗುಚಿದರೆ ಹಸಿರು ದೀಪಗಳು ಮಿನುಗುವುದು ಕಾಣುತ್ತದೆ. ಸುಮಾರು 525 ನ್ಯಾನೋಮೀಟರ್ ಅಲೆಯುದ್ದದ ಈ ಹಸಿರು ಬೆಳಕನ್ನು ರಕ್ತ ಚೆನ್ನಾಗಿ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಚರ್ಮದಡಿಯ ಸಣ್ಣ ನಾಳಗಳಿಗೆ ರಕ್ತ ನುಗ್ಗಿದಾಗ ಮರಳಿ ಬರುವ ಬೆಳಕು ಒಂದಿಷ್ಟು ಕಡಿಮೆಯಾಗುತ್ತದೆ, ರಕ್ತ ಸರಿದಾಗ ಹೆಚ್ಚುತ್ತದೆ. ದೀಪಗಳ ಪಕ್ಕದ ಸೆನ್ಸರ್ ಈ ಏರಿಳಿತವನ್ನು ಎಣಿಸುತ್ತದೆ. ಸಮಸ್ಯೆ ಇರುವುದು ಪ್ರಮಾಣದಲ್ಲಿ: ಮರಳಿ ಬರುವ ಒಟ್ಟು ಬೆಳಕಿನಲ್ಲಿ ನಾಡಿಯಿಂದಾಗುವ ವ್ಯತ್ಯಾಸ ಶೇ 1ರಿಂದ 2ರಷ್ಟು ಮಾತ್ರ, ಮಣಿಕಟ್ಟಿನಲ್ಲಿ ಹಲವೊಮ್ಮೆ ಅದಕ್ಕೂ ಕಡಿಮೆ. ವಾಚು ಕೂದಲೆಳೆಯಷ್ಟು ಜರುಗಿದರೂ ಅದರಿಂದಾಗುವ ವ್ಯತ್ಯಾಸ ನಾಡಿಯದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆದ್ದರಿಂದ ವಾಚು ಎಷ್ಟು ಬೆಲೆಯದ್ದು ಎನ್ನುವುದಕ್ಕಿಂತ ಹೇಗೆ ಕಟ್ಟಿದ್ದೀರಿ ಎನ್ನುವುದು ಮುಖ್ಯ.

ದೋಷ ಇದೆಯೋ ಇಲ್ಲವೋ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಬೇಕು. ಕಾಫಿ, ಬೀಡಿ, ಸಿಗರೇಟು ಮುಗಿದು ಅರ್ಧ ಗಂಟೆಯಾದ ಮೇಲೆ ಕುರ್ಚಿಯಲ್ಲಿ ಬೆನ್ನು ಒರಗಿಸಿ ಐದು ನಿಮಿಷ ಸುಮ್ಮನೆ ಕೂರಿ. ವಾಚು ಎಡಗೈಯಲ್ಲಿದ್ದರೆ ಬಲಗೈಯ ನಾಡಿ ಹಿಡಿಯಿರಿ: ಅಂಗೈ ಮೇಲೆ ಮಾಡಿ, ಹೆಬ್ಬೆರಳ ಬುಡದ ಕೆಳಗಿನ ತಗ್ಗಿನಲ್ಲಿ ಇನ್ನೊಂದು ಕೈಯ ನಡುವಿನ ಮೂರು ಬೆರಳುಗಳನ್ನು ಹಗುರವಾಗಿ ಇಡಿ. ಹೆಬ್ಬೆರಳಿನಿಂದ ಹಿಡಿಯಬೇಡಿ, ಹೆಬ್ಬೆರಳಿನದೇ ಮಿಡಿತ ಎಣಿಕೆಗೆ ಸೇರಿಬಿಡುತ್ತದೆ. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ನೋಡುತ್ತಾ ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದೇ ಒಂದು ಮಿಡಿತ ತಪ್ಪಿದರೂ ಲೆಕ್ಕದಲ್ಲಿ ನಾಲ್ಕರ ವ್ಯತ್ಯಾಸ ಬರುತ್ತದೆ. ಎಣಿಕೆ ಮುಗಿದ ಕೂಡಲೇ ವಾಚಿನ ಅಂಕಿ ಬರೆದುಕೊಳ್ಳಿ. ಹೀಗೆ ಮೂರು ಸಲ ಮಾಡಿ. ಐದರೊಳಗಿನ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಸುಮ್ಮನೆ ಕೂತಾಗಲೇ ಮೂರೂ ಸಲ 10ಕ್ಕಿಂತ ಹೆಚ್ಚು ಬಂದರೆ ಮುಂದಿನದ್ದನ್ನು ನೋಡಬೇಕು.

ನಾಡಿ ಸಿಗುವುದಿಲ್ಲ ಎನ್ನುವವರು ಕೋವಿಡ್ ಕಾಲದಲ್ಲಿ ಕೊಂಡು ಡ್ರಾಯರಿನಲ್ಲಿಟ್ಟ ಬೆರಳಿನ ಆಕ್ಸಿಮೀಟರ್ ಹುಡುಕಿ ತೆಗೆಯಿರಿ. ಹಳೇ ಸೆಲ್ ಸೋರಿ ಹಸಿರು ಕಿಲುಬು ಕಟ್ಟಿದ್ದರೆ ಒರೆಸಿ, ಹೊಸ ಸೆಲ್ ಹಾಕಿ. ಉಗುರಿನ ಬಣ್ಣ ತೆಗೆದು, ಬೆರಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಒಂದು ನಿಮಿಷ ಅಲುಗಾಡದೆ ಇಡಿ. ಅದು ಬೆಳಕನ್ನು ಬೆರಳಿನ ಆಚೆಗೆ ಹಾಯಿಸಿ ನೋಡುವುದರಿಂದ ನಾಡಿಯ ಎಣಿಕೆ ಮಣಿಕಟ್ಟಿನ ವಾಚಿಗಿಂತ ಸ್ಥಿರವಾಗಿರುತ್ತದೆ. ತೋಳಿಗೆ ಪಟ್ಟಿ ಸುತ್ತುವ ಬಿ.ಪಿ. ಯಂತ್ರವೂ ಕೊನೆಯಲ್ಲಿ ನಾಡಿಯನ್ನು ತೋರಿಸುತ್ತದೆ. ಆಕ್ಸಿಮೀಟರ್, ಬಿ.ಪಿ. ಯಂತ್ರ ಎರಡೂ 72-74 ಎನ್ನುವಾಗ ವಾಚೊಂದೇ 104 ಎಂದರೆ ತಪ್ಪು ಯಾರದ್ದೆಂದು ಹೇಳಬೇಕಾಗಿಲ್ಲ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ವಾಚೂ 40, ಬೆರಳಿಗೆ ಸಿಕ್ಕ ನಾಡಿಯೂ 40 ಎಂದಾದರೆ ‘ತಾಳೆಯಾಯಿತು, ನನ್ನ ಹೃದಯ ನಿಧಾನ’ ಎಂದು ತೀರ್ಮಾನಿಸುವ ಹಾಗಿಲ್ಲ. ಕೆಲವರಲ್ಲಿ ಸಹಜ ಬಡಿತದ ಬೆನ್ನಿಗೇ ಅವಧಿಗೆ ಮುನ್ನ ಇನ್ನೊಂದು ಬಡಿತ ಬರುತ್ತದೆ. ಅಷ್ಟರಲ್ಲಿ ಹೃದಯಕ್ಕೆ ರಕ್ತ ತುಂಬಿರುವುದಿಲ್ಲ, ಆ ಬಡಿತ ಮಣಿಕಟ್ಟಿನವರೆಗೆ ಮುಟ್ಟುವುದೇ ಇಲ್ಲ. ಒಂದು ಬಿಟ್ಟು ಒಂದು ಹೀಗಾದರೆ ನಿಜವಾದ 80 ಬಡಿತ ಮಣಿಕಟ್ಟಿನಲ್ಲಿ 40 ಆಗಿ ಸಿಗುತ್ತದೆ, ವಾಚಿಗೂ ಬೆರಳಿಗೂ. ಏಟ್ರಿಯಲ್ ಫಿಬ್ರಿಲೇಷನ್ ಎಂಬ, ಹೃದಯದ ಲಯ ತಪ್ಪುವ ಕಾಯಿಲೆ ಇರುವವರಲ್ಲಿ ನಾಡಿ ಲಯವೇ ಇಲ್ಲದೆ ಓಡುತ್ತದೆ; ಅಲ್ಲೂ ದುರ್ಬಲ ಬಡಿತಗಳು ಲೆಕ್ಕಕ್ಕೆ ಬಾರದೆ ವಾಚು ಕಡಿಮೆ ತೋರಿಸಬಹುದು, ಇಲ್ಲವೇ ಅಂಕಿ ಕ್ಷಣಕ್ಷಣಕ್ಕೂ ಕುಣಿಯಬಹುದು. ಎಣಿಸುವಾಗ ನಾಡಿ ಮಧ್ಯೆ ಮಧ್ಯೆ ತಪ್ಪುತ್ತಿದ್ದರೆ, ತಾಳವೇ ಸಿಗದಿದ್ದರೆ ಅದು ವಾಚಿನ ರಿಪೇರಿಯ ವಿಷಯವಲ್ಲ. ವೈದ್ಯರ ಬಳಿ ಹೋಗಿ ಇಸಿಜಿ ಮಾಡಿಸಿಕೊಳ್ಳಿ. ವಯಸ್ಕರಲ್ಲಿ ವಿಶ್ರಾಂತಿಯ ಬಡಿತ 60ರಿಂದ 100ರ ನಡುವೆ ಇರುವುದು ಸಾಮಾನ್ಯ. ನಿತ್ಯ ಓಡುವವರಲ್ಲಿ 50ಕ್ಕಿಂತ ಕೆಳಗಿರುವುದೂ ಉಂಟು, ನಿದ್ದೆಯಲ್ಲಿ ಎಲ್ಲರಿಗೂ ಇಳಿಯುತ್ತದೆ. ತಲೆಸುತ್ತು, ಕಣ್ಣು ಕತ್ತಲೆ ಜೊತೆಗಿದ್ದರೆ ಮಾತ್ರ ಯಾವ ಅಂಕಿಯನ್ನೂ ‘ಇದು ಸಹಜ’ ಎಂದು ಬಿಡಬಾರದು.

ನಾಡಿ ಕ್ರಮವಾಗಿದೆ, ವಾಚು ಮಾತ್ರ ತಪ್ಪುತ್ತಿದೆ ಎಂದಾದರೆ ಹಿಂಬದಿಯಿಂದ ಶುರು ಮಾಡಿ. ಹೊಸ ವಾಚಿನ ಸೆನ್ಸರ್ ಮೇಲೆ ಸಾಗಾಣಿಕೆಗೆಂದು ಅಂಟಿಸಿದ ತೆಳುವಾದ ಪಾರದರ್ಶಕ ಹಾಳೆಯನ್ನು ಕೀಳದೆ ತಿಂಗಳುಗಟ್ಟಲೆ ಕಟ್ಟಿಕೊಳ್ಳುವವರಿದ್ದಾರೆ. ಅಂಚಿನಲ್ಲಿ ಉಗುರು ಆಡಿಸಿ ನೋಡಿ. ಆಮೇಲೆ ಆ ಗಾಜನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿಯಿರಿ. ಬೆವರು, ಕೊಬ್ಬರಿ ಎಣ್ಣೆ, ಸನ್‌ಸ್ಕ್ರೀನ್, ಪೌಡರ್ ಸೇರಿ ಕಾಮನಬಿಲ್ಲಿನ ಬಣ್ಣ ಹೊಳೆಯುವ ಜಿಡ್ಡಿನ ಪದರ ಕಾಣುತ್ತದೆ. ಸೆನ್ಸರಿನ ಸುತ್ತಲಿನ ಸಣ್ಣ ಸಂದಿನಲ್ಲಿ ಬೂದುಬಣ್ಣದ ಕೊಳೆ ಗೆರೆಯಾಗಿ ಕೂತಿರುತ್ತದೆ. ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ. ಹೋಗದಿದ್ದರೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಶೇ 70ರ ಐಸೊಪ್ರೊಪೈಲ್ ಆಲ್ಕೋಹಾಲನ್ನು ಕಿವಿಕಡ್ಡಿಗೆ ಎರಡು ಹನಿ ಹಾಕಿಕೊಂಡು ಗಾಜಿನ ಮೇಲೆ ಮಾತ್ರ ಆಡಿಸಿ. ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ, ಗಾಜು ಒರೆಸುವ ಸ್ಪ್ರೇ ಬೇಡ. ಪಿನ್ನಿನಿಂದ ಕೆರೆಯುವುದಂತೂ ಬೇಡವೇ ಬೇಡ, ಗೀರು ಬಿದ್ದ ಜಾಗದಲ್ಲಿ ಬೆಳಕು ಚದುರುತ್ತದೆ. ಸ್ಟ್ರ್ಯಾಪನ್ನೂ ತೊಳೆದು ಪೂರ್ತಿ ಒಣಗಿಸಿ. ಒದ್ದೆ ಸ್ಟ್ರ್ಯಾಪ್ ಕಟ್ಟಿದರೆ ಚರ್ಮ ಕೆಂಪಾಗಿ ತುರಿಕೆ ಬರುತ್ತದೆ, ತುರಿಕೆ ಬಂದವರು ಸಡಿಲ ಮಾಡಿಕೊಳ್ಳುತ್ತಾರೆ, ಅಂಕಿ ಮತ್ತೆ ಕೆಡುತ್ತದೆ.

ಕಟ್ಟುವ ಜಾಗದ ವಿಷಯದಲ್ಲಿ ತಪ್ಪು ಮಾಡುವವರೇ ಹೆಚ್ಚು. ಮಣಿಕಟ್ಟಿನಲ್ಲಿ ಉಬ್ಬಿಕೊಂಡಿರುವ ಮೂಳೆಯ ಮೇಲೆ ವಾಚು ಕೂತರೆ ಎರಡೂ ಬದಿಯಲ್ಲಿ ಸಂದು ಉಳಿಯುತ್ತದೆ. ಸಾಮಾನ್ಯ ಹೊತ್ತಿನಲ್ಲಿ ಆ ಮೂಳೆಯಿಂದ ಮೊಣಕೈ ಕಡೆಗೆ ಒಂದು ಬೆರಳಗಲ ಬಿಟ್ಟು ಕಟ್ಟಿ. ವಾಕಿಂಗ್, ಓಟ, ಜಿಮ್‌ಗೆ ಹೊರಟಾಗ ಎರಡರಿಂದ ಮೂರು ಬೆರಳಗಲ ಮೇಲಕ್ಕೆ ಸರಿಸಿ ಸ್ಟ್ರ್ಯಾಪನ್ನು ಇನ್ನೊಂದು ತೂತು ಬಿಗಿ ಮಾಡಿ. ಕೈ ಬೀಸಿದಾಗ ವಾಚು ಚರ್ಮದ ಮೇಲೆ ಜಾರಬಾರದು, ಚರ್ಮವೂ ಅದರ ಜೊತೆಗೇ ಬರಬೇಕು. ಬೆರಳು ಜುಮುಗುಡುವಷ್ಟು ಬಿಗಿದರೆ ರಕ್ತದ ಹರಿವೇ ತಗ್ಗುತ್ತದೆ, ಅದರಿಂದಲೂ ಅಂಕಿ ತಪ್ಪುತ್ತದೆ. ವ್ಯಾಯಾಮ ಮುಗಿದ ಮೇಲೆ ಮತ್ತೆ ಒಂದು ತೂತು ಸಡಿಲ ಮಾಡಿ. ಸಂದು ಇದೆಯೇ ಎಂದು ತಿಳಿಯಲು ಕತ್ತಲೆ ಕೋಣೆಗೆ ಹೋಗಿ ವಾಚಿನಲ್ಲಿ ವ್ಯಾಯಾಮದ ಮೋಡ್ ಶುರು ಮಾಡಿ, ಮಣಿಕಟ್ಟನ್ನು ಮೇಲೆ ಕೆಳಗೆ ಬಾಗಿಸಿ. ಅಂಚಿನಿಂದ ಹಸಿರು ಬೆಳಕು ಹೊರಗೆ ಚೆಲ್ಲಿದರೆ ಅದೇ ದಾರಿಯಲ್ಲಿ ಹೊರಗಿನ ಬಿಸಿಲೂ ಒಳಗೆ ಹೋಗುತ್ತದೆ. ಸಪೂರ ಕೈಯವರು ದೊಡ್ಡ ಡಯಲಿನ ವಾಚು ಕೊಂಡರೆ ಎಷ್ಟು ಬಿಗಿದರೂ ಈ ಸಂದು ಮುಚ್ಚುವುದಿಲ್ಲ. ಅವರಿಗೆ ಕಿರಿದಾದ ಬ್ಯಾಂಡೇ ಸರಿ. ಸ್ಟೀಲ್ ಚೈನ್ ಬದಲು ಸಿಲಿಕೋನ್ ಅಥವಾ ಹಿಗ್ಗುವ ಬಟ್ಟೆಯ ಸ್ಟ್ರ್ಯಾಪ್ ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಬಳೆ, ಕಡಗ ವಾಚನ್ನು ತಳ್ಳುತ್ತಿದ್ದರೆ ಬಳೆಯಿಲ್ಲದ ಕೈಗೆ ಕಟ್ಟಿ.

ಚರ್ಮದ ಮೇಲಿನ ಬಣ್ಣವೂ ಬೆಳಕನ್ನು ತಡೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಹಿರಿಯ ಹೆಂಗಸರ ಮುಂಗೈಯಲ್ಲಿರುವ ಹಚ್ಚೆಯಾಗಲಿ, ಹುಡುಗರು ಹಾಕಿಸಿಕೊಳ್ಳುವ ದಟ್ಟ ಟ್ಯಾಟೂ ಆಗಲಿ, ಆ ಶಾಯಿ ಹಸಿರು ಬೆಳಕನ್ನು ನುಂಗುತ್ತದೆ. ಅಜ್ಜಿಗೆ ಮೊಮ್ಮಗ ತಂದುಕೊಟ್ಟ ವಾಚು ಬರೀ ಎರಡು ಅಡ್ಡಗೆರೆ ತೋರಿಸುತ್ತಿದ್ದರೆ ವಾಚಿನ ಕೆಳಗೆ ಹಚ್ಚೆ ಇದೆಯೇ ನೋಡಿ, ಇನ್ನೊಂದು ಕೈಗೆ ಬದಲಿಸಿ. ಮದುವೆಗೆಂದು ಮಣಿಕಟ್ಟಿನ ಮೇಲೆ ದಟ್ಟವಾಗಿ ಹಾಕಿಸಿಕೊಂಡ ಕಪ್ಪು ಮೆಹಂದಿ ಮಾಸುವವರೆಗೂ ಹೀಗೇ ಮಾಡಬೇಕಾಗಬಹುದು. ಚರ್ಮದ ಸಹಜ ಕಪ್ಪು ವರ್ಣದ್ರವ್ಯವೂ ಈ ಬೆಳಕನ್ನು ಹೀರುತ್ತದೆ. ಒಳ್ಳೆಯ ವಾಚುಗಳು ದೀಪದ ಪ್ರಕಾಶ ಹೆಚ್ಚಿಸಿ ಇದನ್ನು ಸರಿದೂಗಿಸುತ್ತವೆ, ಅಗ್ಗದವುಗಳಲ್ಲಿ ಅಷ್ಟು ಶಕ್ತಿ ಇರುವುದಿಲ್ಲ. ಆಮ್ಲಜನಕ ಅಳೆಯುವಾಗ ಇದು ಇನ್ನೂ ಗಂಭೀರ. ಆಸ್ಪತ್ರೆಯ ಆಕ್ಸಿಮೀಟರ್‌ಗಳೇ ಕಪ್ಪು ಚರ್ಮದ ರೋಗಿಗಳಲ್ಲಿ ಆಮ್ಲಜನಕ ಇಳಿದಿರುವುದನ್ನು ಬಿಳಿಯರಿಗಿಂತ ಹೆಚ್ಚು ಸಲ ಗುರುತಿಸದೆ ಬಿಟ್ಟದ್ದು ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನದಿಂದ ಗೊತ್ತಾಯಿತು, 2021ರ ಫೆಬ್ರುವರಿಯಲ್ಲಿ ಅಲ್ಲಿನ ಔಷಧ, ವೈದ್ಯಕೀಯ ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆಯನ್ನೂ ಹೊರಡಿಸಿತು. ಮಣಿಕಟ್ಟಿನ ವಾಚು ತೋರಿಸುವ ಆಮ್ಲಜನಕದ ಅಂಕಿಯನ್ನು ಯಾವ ನಿರ್ಧಾರಕ್ಕೂ ಆಧಾರ ಮಾಡಿಕೊಳ್ಳಬೇಡಿ.

ಕೊಡಗು, ಚಿಕ್ಕಮಗಳೂರಿನ ಚಳಿಗಾಲದ ಬೆಳಿಗ್ಗೆ ವಾಕಿಂಗ್ ಹೊರಟ ಮೊದಲ ಹತ್ತು ನಿಮಿಷ ಅಂಕಿ ಅಡ್ಡಾದಿಡ್ಡಿಯಾಗಿರುವುದು ಸಹಜ. ಚಳಿಗೆ ಚರ್ಮದ ನಾಳಗಳು ಸಂಕುಚಿಸಿ ಸೆನ್ಸರಿಗೆ ನಾಡಿಯೇ ಕಾಣುವುದಿಲ್ಲ. ಸ್ವೆಟರಿನ ತೋಳನ್ನು ವಾಚಿನ ಮೇಲೆ ಎಳೆದುಕೊಳ್ಳಿ, ಮನೆಯೊಳಗೇ ಸ್ವಲ್ಪ ಕೈಕಾಲು ಆಡಿಸಿ ಮೈ ಬೆಚ್ಚಗಾದ ಮೇಲೆ ಹೊರಡಿ.

ಇನ್ನು ನಡೆಯುವಾಗ, ಓಡುವಾಗ ಬರುವ ತಪ್ಪು. ಅತಿ ಹೆಚ್ಚು ಜನರನ್ನು ದಿಕ್ಕುತಪ್ಪಿಸುವುದು ಇದೇ. ಚುರುಕಾಗಿ ನಡೆಯುವವರು ನಿಮಿಷಕ್ಕೆ ಸುಮಾರು 110ರಿಂದ 120 ಹೆಜ್ಜೆ ಹಾಕುತ್ತಾರೆ, ಓಡುವವರು 160ರಿಂದ 180. ಪ್ರತಿ ಹೆಜ್ಜೆಗೂ ಕೈ ಬೀಸಿ ವಾಚು ಅಲುಗಿದಾಗ ಅದೇ ಲಯದಲ್ಲಿ ಬೆಳಕೂ ಏರಿಳಿಯುತ್ತದೆ. ಹೆಜ್ಜೆಯ ಲಯ ನಾಡಿಯ ಲಯಕ್ಕಿಂತ ಬಲವಾದಾಗ ವಾಚು ಹೆಜ್ಜೆಯನ್ನೇ ನಾಡಿ ಎಂದು ಎಣಿಸತೊಡಗುತ್ತದೆ. ನಿಜವಾದ ಬಡಿತ 95 ಇದ್ದರೂ 118 ಎಂದು ಕಾಣುವುದು ಹೀಗೆ. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ನಿಧಾನವಾಗಿ ಓಡುತ್ತಿದ್ದಾಗ 172 ಕಂಡು ಹೆದರಿ ವ್ಯಾಯಾಮವನ್ನೇ ನಿಲ್ಲಿಸುವುದೂ ಇದರಿಂದಲೇ. ಕಂಡುಹಿಡಿಯುವುದು ಸುಲಭ. ನಡೆಯುತ್ತಲೇ 15 ಸೆಕೆಂಡ್ ಹೆಜ್ಜೆ ಎಣಿಸಿ ನಾಲ್ಕರಿಂದ ಗುಣಿಸಿ, ಬಂದ ಸಂಖ್ಯೆ ವಾಚಿನ ಅಂಕಿಯ ಹತ್ತಿರವಿದ್ದರೆ ಸಂಶಯಪಡಿ. ಆಮೇಲೆ ತಟ್ಟನೆ ನಿಂತುಬಿಡಿ. ನಿಜವಾದ ಬಡಿತ ಮೆಲ್ಲಮೆಲ್ಲಗೆ ಇಳಿಯುತ್ತದೆ. ಚೆನ್ನಾಗಿ ಬೆವರುವಷ್ಟು ವ್ಯಾಯಾಮದ ನಂತರ ಮೊದಲ ನಿಮಿಷದಲ್ಲಿ 12ಕ್ಕಿಂತ ಹೆಚ್ಚು ಇಳಿಯುವುದು ಆರೋಗ್ಯವಂತರ ಲಕ್ಷಣ. ಆದರೆ ನಿಂತ ಕೆಲವೇ ಸೆಕೆಂಡಿನಲ್ಲಿ 118ರಿಂದ 92ಕ್ಕೆ ಜಿಗಿದರೆ ಅಲ್ಲಿಯವರೆಗೆ ವಾಚು ಎಣಿಸಿದ್ದು ನಿಮ್ಮ ಪಾದಗಳನ್ನು. ಸ್ಟ್ರ್ಯಾಪ್ ಬಿಗಿ ಮಾಡಿ, ಇನ್ನೊಂದಿಷ್ಟು ಮೇಲಕ್ಕೆ ಸರಿಸಿ, ವಾಚಿನಲ್ಲಿ ‘ವಾಕಿಂಗ್’ ಅಥವಾ ‘ರನ್ನಿಂಗ್’ ಮೋಡ್ ಆರಿಸಿ ಮತ್ತೆ ನಡೆಯಿರಿ. ಆ ಮೋಡ್‌ನಲ್ಲಿ ಸೆನ್ಸರ್ ಬಿಡುವಿಲ್ಲದೆ ಅಳೆಯುತ್ತದೆ, ಕೈಯ ಚಲನೆಯನ್ನು ಕಳೆಯುವ ಲೆಕ್ಕವೂ ಚುರುಕಾಗಿರುತ್ತದೆ.

ಡಂಬೆಲ್ ಎತ್ತುವಾಗ, ದಂಡ ಹೊಡೆಯುವಾಗ, ಸೈಕಲ್ ಹ್ಯಾಂಡಲ್ ಬಿಗಿ ಹಿಡಿದಾಗ ಮಣಿಕಟ್ಟಿನ ಸ್ನಾಯುಗಳು ಬಿಗಿದುಕೊಂಡು ರಕ್ತವನ್ನು ಹಿಂಡುತ್ತವೆ. ಅಲ್ಲಿ ಯಾವ ಕಂಪನಿಯ ವಾಚಿನಿಂದಲೂ ನಿಖರತೆ ನಿರೀಕ್ಷಿಸಬಾರದು. ಗುಂಡಿಬಿದ್ದ ರಸ್ತೆಯಲ್ಲಿ ಬೈಕ್ ಓಡಿಸಿದರೆ ಹೆಜ್ಜೆಗಳ ಲೆಕ್ಕವೂ ಸುಳ್ಳೇ ಏರುತ್ತದೆ. ಜೋರಾಗಿ ಓಡಿ, ನಿಂತು, ಮತ್ತೆ ಓಡುವ ತರಬೇತಿಯಲ್ಲಿ ವಾಚು ನಿಜವಾದ ಬಡಿತಕ್ಕಿಂತ ಹತ್ತಾರು ಸೆಕೆಂಡ್ ಹಿಂದೆ ಉಳಿಯುತ್ತದೆ, ಕಾರಣ ಅದು ಹಲವು ಸೆಕೆಂಡುಗಳ ಸರಾಸರಿ ತೆಗೆದು ತೋರಿಸುತ್ತದೆ. ನಿಖರತೆ ಬೇಕೇ ಬೇಕು ಎನ್ನುವ ಓಟಗಾರರು, ವೈದ್ಯರು ಬಡಿತದ ಮಿತಿ ಹಾಕಿಕೊಟ್ಟವರು ಎದೆಗೆ ಕಟ್ಟುವ ಪಟ್ಟಿ ಕೊಳ್ಳಬೇಕು. ಅದು ಬೆಳಕನ್ನಲ್ಲ, ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಒಳಬದಿಯ ಎರಡು ರಬ್ಬರ್ ಭಾಗಗಳನ್ನು ನೀರಿನಿಂದ ಒದ್ದೆ ಮಾಡಿ ಎದೆಯ ಸ್ನಾಯುಗಳ ಸ್ವಲ್ಪ ಕೆಳಗೆ ಬಿಗಿಯಾಗಿ ಕಟ್ಟಬೇಕು. ಒಣಗಿದ್ದರೆ ಬೆವರು ಬರುವವರೆಗೆ ಅದೂ ತಪ್ಪು ಹೇಳುತ್ತದೆ.

ಕಟ್ಟುವುದೆಲ್ಲ ಸರಿಯಿದ್ದೂ ಅಂಕಿ ಬಾರದಿದ್ದರೆ ಆ್ಯಪಿನ ಒಳಗೆ ಹೋಗಿ. ಬಡಿತ ಅಳೆಯುವ ಅಂತರ ಅನೇಕ ಬ್ಯಾಂಡುಗಳಲ್ಲಿ 1, 5, 10, 30 ನಿಮಿಷ ಎಂದು ಬದಲಿಸುವಂತಿರುತ್ತದೆ. 30ಕ್ಕೆ ಇಟ್ಟಿದ್ದರೆ ನಕ್ಷೆಯಲ್ಲಿ ಚುಕ್ಕೆಗಳು ಕಾಣುತ್ತವೆಯೇ ಹೊರತು ಗೆರೆ ಕಾಣದು. ಪರೀಕ್ಷೆಯ ಒಂದು ವಾರ 1 ನಿಮಿಷಕ್ಕೆ ಇಡಿ, ಬ್ಯಾಟರಿ ಬೇಗ ಇಳಿಯುತ್ತದೆ, ಇಳಿಯಲಿ. ಬ್ಯಾಟರಿ ಉಳಿಸುವ ಮೋಡ್ ಹಾಕಿದ್ದರೆ ಆ್ಯಪಲ್ ವಾಚು ಸೇರಿದಂತೆ ಹಲವು ವಾಚುಗಳು ಹಿನ್ನೆಲೆಯಲ್ಲಿ ಬಡಿತ ಅಳೆಯುವುದನ್ನೇ ನಿಲ್ಲಿಸುತ್ತವೆ. ಯಾವ ಕೈಗೆ ಕಟ್ಟಿದ್ದೀರೋ ಆ ಕೈಯನ್ನೇ ಸೆಟ್ಟಿಂಗ್‌ನಲ್ಲಿ ಆರಿಸಿರಬೇಕು. ಜನ್ಮದಿನಾಂಕವನ್ನು ಖಂಡಿತ ನೋಡಿ. ಆ್ಯಪ್ ತಾನಾಗಿ ಹಾಕಿಕೊಂಡ ವರ್ಷವನ್ನು ಹಾಗೇ ಬಿಟ್ಟವರು ಬಹಳ. ‘220ರಿಂದ ವಯಸ್ಸು ಕಳೆ’ ಎಂಬ ಸೂತ್ರದಲ್ಲಿ ಗರಿಷ್ಠ ಬಡಿತ ಲೆಕ್ಕ ಹಾಕಿ ವಾಚು ವ್ಯಾಯಾಮದ ವಲಯಗಳನ್ನು ಗುರುತಿಸುವುದರಿಂದ, 58 ವರ್ಷದವರಿಗೆ 25 ವರ್ಷ ಎಂದು ದಾಖಲಾಗಿದ್ದರೆ 162 ಆಗಬೇಕಾದ್ದು 195 ಆಗಿರುತ್ತದೆ. ಅಂಥವರ ಬಡಿತ ತಮ್ಮ ಗರಿಷ್ಠದ ಹತ್ತಿರ ಹೋದರೂ ವಾಚು ಅದನ್ನು ಕೆಳಗಿನ ವಲಯಕ್ಕೆ ಸೇರಿಸುತ್ತದೆ. ಆ ಸೂತ್ರವೂ ಅಂದಾಜಿನದೇ, ಒಬ್ಬೊಬ್ಬರಲ್ಲಿ ಹತ್ತು-ಹದಿನೈದರಷ್ಟು ಆಚೀಚೆ ಆಗುತ್ತದೆ.

ಮಾಹಿತಿ ಫೋನಿಗೆ ಬಾರದಿದ್ದರೆ ಕಾರಣ ಹೆಚ್ಚಾಗಿ ಫೋನಿನದೇ. ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪನ್ನು ಮುಚ್ಚಿಬಿಡುತ್ತವೆ. ಸೆಟ್ಟಿಂಗ್‌ನಲ್ಲಿ ಆ ಆ್ಯಪಿಗೆ ಬ್ಯಾಟರಿ ನಿರ್ಬಂಧ ತೆಗೆದು, ತಾನಾಗಿ ಶುರುವಾಗಲು ಅನುಮತಿ ಕೊಡಿ. ಬ್ಲೂಟೂತ್, ಹತ್ತಿರದ ಸಾಧನಗಳು, ಲೊಕೇಶನ್ ಅನುಮತಿ ಇವೆಯೇ ನೋಡಿ. ಹಳೆಯ ಫೋನಿನಲ್ಲೂ ವಾಚು ಜೋಡಣೆಯಾಗಿಯೇ ಉಳಿದಿದ್ದರೆ ಅದು ಒಮ್ಮೆ ಅಲ್ಲಿಗೆ, ಒಮ್ಮೆ ಇಲ್ಲಿಗೆ ಅಂಟಿಕೊಳ್ಳುತ್ತದೆ. ಸರಿಪಡಿಸುವ ಕ್ರಮ ಹೀಗಿರಲಿ: ಮೊದಲು ವಾಚಿನ ಮಾಹಿತಿಯನ್ನು ಆದಷ್ಟು ಫೋನಿಗೆ ಕಳಿಸಿ (ಸಿಂಕ್ ಮಾಡಿ), ಆಮೇಲೆ ವಾಚು ಮತ್ತು ಫೋನ್ ಎರಡನ್ನೂ ಆಫ್ ಮಾಡಿ ಮತ್ತೆ ಆನ್ ಮಾಡಿ, ಆಮೇಲೆ ಅಪ್‌ಡೇಟ್ ಇದ್ದರೆ ಹಾಕಿ, ಆಮೇಲೆ ಜೋಡಣೆ ಬಿಡಿಸಿ ಮತ್ತೆ ಜೋಡಿಸಿ. ಫ್ಯಾಕ್ಟರಿ ರೀಸೆಟ್ ಎಲ್ಲಕ್ಕಿಂತ ಕೊನೆಗೆ. ಸಿಂಕ್ ಆಗದೆ ವಾಚಿನಲ್ಲೇ ಉಳಿದ ಮಾಹಿತಿ ರೀಸೆಟ್ ಮಾಡಿದರೆ ಮರಳಿ ಸಿಗುವುದಿಲ್ಲ.

ನಿದ್ದೆಯ ಲೆಕ್ಕ ಬೇರೆಯೇ ಜಾತಿಯದು. ಬಡಿತವನ್ನು ವಾಚು ಅಳೆಯುತ್ತದೆ, ನಿದ್ದೆಯನ್ನು ಊಹಿಸುತ್ತದೆ. ನಿದ್ದೆಯ ಹಂತಗಳನ್ನು ನಿಜವಾಗಿ ಗುರುತಿಸಬೇಕಾದರೆ ತಲೆಗೆ ತಂತಿಗಳನ್ನು ಅಂಟಿಸಿ ಮಿದುಳಿನ ಅಲೆ, ಕಣ್ಣಿನ ಚಲನೆ, ಗದ್ದದ ಸ್ನಾಯುವಿನ ಬಿಗಿತವನ್ನು ರಾತ್ರಿಯಿಡೀ ದಾಖಲಿಸಿ, 30 ಸೆಕೆಂಡಿನ ತುಂಡುಗಳಾಗಿ ಓದಬೇಕು. ನುರಿತ ಇಬ್ಬರು ಒಂದೇ ದಾಖಲೆಯನ್ನು ಓದಿದರೂ ಅವರ ತೀರ್ಪು ಕೂಡಿಬರುವುದು ಶೇ 80ರ ಆಸುಪಾಸಿನಲ್ಲಿ. ಮಣಿಕಟ್ಟಿನ ವಾಚಿಗೆ ಮಿದುಳು ಕಾಣುವುದಿಲ್ಲ. ಕೈ ಎಷ್ಟು ಅಲುಗಿತು, ಬಡಿತ ಎಷ್ಟು ಇಳಿಯಿತು, ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಹೇಗೆ ಬದಲಾಯಿತು ಎಂಬಂಥ ಸುಳಿವುಗಳಿಂದ ಅದು ‘ಗಾಢ’, ‘ಹಗುರ’, ‘ರೆಮ್’ (ಹೆಚ್ಚಾಗಿ ಕನಸು ಬೀಳುವ ಹಂತ) ಎಂದು ಬಣ್ಣ ಹಚ್ಚುತ್ತದೆ. ಒಟ್ಟು ಎಷ್ಟು ಗಂಟೆ ಮಲಗಿದಿರಿ ಎಂಬುದನ್ನು ಸುಮಾರಾಗಿ ಸರಿಯಾಗಿಯೇ ಹೇಳುತ್ತದೆ. ಎಚ್ಚರವಿದ್ದೂ ಅಲುಗಾಡದೆ ಮಲಗಿದ ಹೊತ್ತನ್ನು ನಿದ್ದೆ ಎಂದುಕೊಳ್ಳುವುದು ಅದರ ದೊಡ್ಡ ದೌರ್ಬಲ್ಯ. ನಿದ್ರಾಹೀನತೆಯಿಂದ ಬಳಲುವವರಿಗೆ ‘ಏಳು ಗಂಟೆ ನಿದ್ದೆ’ ಎಂಬ ಸುಳ್ಳು ಸಿಗುವುದು ಹೀಗೆ. ಹಾಸಿಗೆಯಲ್ಲಿ ಮಲಗಿಕೊಂಡು ಒಂದು ಗಂಟೆ ಮೊಬೈಲ್ ನೋಡುವವರ ಆ ಗಂಟೆಯೂ ನಿದ್ದೆಗೆ ಸೇರುತ್ತದೆ.

ತಪ್ಪು ಕಡಿಮೆಯಾಗಬೇಕೆಂದರೆ ನೀವು ಬರೆಯದ, ಊಟ ಮಾಡದ ಕೈಗೆ ವಾಚು ಕಟ್ಟಿ ಮಲಗಿ. ಹಗಲಿಗಿಂತ ಸಡಿಲ ಮಾಡುವುದಾದರೆ ಅರ್ಧ ತೂತಿನಷ್ಟು ಸಾಕು. ಆ ಕೈಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡರೆ ರಕ್ತದ ಹರಿವು ಒತ್ತಿಹೋಗಿ ಬಡಿತ ಕಾಣೆಯಾಗುತ್ತದೆ, ಆಮ್ಲಜನಕ 84 ಎಂಬಂಥ ಹೆದರಿಸುವ ಅಂಕಿಯೂ ಬರಬಹುದು. ನಿದ್ದೆಯ ಹಂತಗಳೇ ಕಾಣದಿದ್ದರೆ ಬಡಿತದ ದಾಖಲೆ ರಾತ್ರಿಯಿಡೀ ಇದೆಯೇ ಮೊದಲು ನೋಡಿ, ಅದಿಲ್ಲದೆ ಇದು ಇಲ್ಲ. ಫಿಟ್‌ಬಿಟ್‌ನಂಥ ಬ್ಯಾಂಡುಗಳಲ್ಲಿ ಕನಿಷ್ಠ 3 ಗಂಟೆ ಮಲಗಿರಬೇಕು, ಬ್ಯಾಟರಿ ತೀರಾ ಇಳಿದಿರಬಾರದು. ಇಲ್ಲದಿದ್ದರೆ ‘ಮಲಗಿದ್ದು, ಹೊರಳಾಡಿದ್ದು, ಎಚ್ಚರ’ ಎಂಬ ಹಳೆಯ ಮಾದರಿಯ ವರದಿಯಷ್ಟೇ ಸಿಗುತ್ತದೆ. ಕೆಲವು ಬ್ಯಾಂಡುಗಳಲ್ಲಿ ನಿದ್ದೆಯ ಆಳವಾದ ವಿಶ್ಲೇಷಣೆ ಎಂಬ ಸೆಟ್ಟಿಂಗ್ ಆಫ್ ಆಗಿಯೇ ಇರುತ್ತದೆ, ಆನ್ ಮಾಡಿಕೊಳ್ಳಬೇಕು. ಮಲಗುವ ಮುನ್ನ ಸ್ನಾನಕ್ಕೆ ಹೋದಾಗ ಚಾರ್ಜ್‌ಗೆ ಹಾಕುವ ರೂಢಿ ಮಾಡಿಕೊಂಡರೆ ನಡುರಾತ್ರಿ ಬ್ಯಾಟರಿ ಸಾಯುವುದು ತಪ್ಪುತ್ತದೆ. ಭಾನುವಾರ ರಾತ್ರಿಯ ನಿದ್ದೆ ಕಾಣುತ್ತಿಲ್ಲ ಎನ್ನುವವರು ಸೋಮವಾರದ ಪುಟ ತೆರೆದು ನೋಡಿ. ಎದ್ದ ದಿನದ ಲೆಕ್ಕಕ್ಕೆ ಅದನ್ನು ಸೇರಿಸುವುದು ವಾಡಿಕೆ.

ರಾತ್ರಿ ಪಾಳಿಯವರ ಕಷ್ಟ ಕಂಪನಿಗಳಿಗೆ ಅರ್ಥವಾದಂತಿಲ್ಲ. ನರ್ಸ್‌ಗಳು, ಪೊಲೀಸರು, ಬಸ್ ಚಾಲಕರು, ಬೆಂಗಳೂರಿನ ಕಾಲ್ ಸೆಂಟರ್ ನೌಕರರು ಬೆಳಿಗ್ಗೆ ಎಂಟಕ್ಕೆ ಮಲಗಿ ಮಧ್ಯಾಹ್ನ ಏಳುತ್ತಾರೆ. ಅಗ್ಗದ ಎಷ್ಟೋ ಬ್ಯಾಂಡುಗಳು ರಾತ್ರಿಯ ನಿಗದಿತ ಅವಧಿಯಲ್ಲಿ ಮಾತ್ರ ನಿದ್ದೆ ಹುಡುಕುತ್ತವೆ. ಹಗಲಿನ ನಿದ್ದೆಯನ್ನು ಅವು ಬಿಟ್ಟೇಬಿಡುತ್ತವೆ, ಇಲ್ಲವೇ ಎರಡು ತುಂಡು ಮಾಡಿ ಒಂದನ್ನು ‘ಕಿರುನಿದ್ದೆ’ ಎನ್ನುತ್ತವೆ. ಆ್ಯಪಿನಲ್ಲಿ ಮಲಗುವ ವೇಳಾಪಟ್ಟಿ ಬದಲಿಸುವ ಅವಕಾಶವಿದ್ದರೆ ಪಾಳಿ ಬದಲಾದಾಗಲೆಲ್ಲ ಬದಲಿಸಿ, ಕೈಯಾರೆ ನಿದ್ದೆ ದಾಖಲಿಸುವ ಅವಕಾಶವಿದ್ದರೆ ಬಳಸಿ. ಎರಡೂ ಇಲ್ಲದ ಬ್ಯಾಂಡ್ ಅವರಿಗೆ ಕೆಲಸಕ್ಕೆ ಬಾರದು, ಕೊಳ್ಳುವ ಮುನ್ನವೇ ಕೇಳಿ ತಿಳಿಯಬೇಕು. ನೌಕರರ ಆರೋಗ್ಯ ಯೋಜನೆ ಎಂದು ನಿದ್ದೆಯ ಅಂಕ ನೋಡಿ ಬಹುಮಾನ ಕೊಡುವ ಸಂಸ್ಥೆಗಳು ಪಾಳಿಯವರನ್ನು ಆ ಲೆಕ್ಕದಿಂದ ಹೊರಗಿಡುವುದು ನ್ಯಾಯ.

ನಿದ್ದೆಯ ಲೆಕ್ಕವನ್ನು ಪರೀಕ್ಷಿಸಲು ಒಂದು ವಾರ ತಲೆದಿಂಬಿನ ಪಕ್ಕ ನೋಟ್‌ಬುಕ್ ಇಡಿ. ದೀಪ ಆರಿಸಿದ್ದು, ನಡುವೆ ಎದ್ದದ್ದು, ಬೆಳಿಗ್ಗೆ ಎದ್ದದ್ದು, ಇಷ್ಟನ್ನೇ ಸುಮಾರಾಗಿ ಬರೆಯಿರಿ, ಗಡಿಯಾರ ನೋಡುತ್ತಾ ಕೂರಬೇಡಿ. ಒಟ್ಟು ಅವಧಿಯಲ್ಲಿ ಅರ್ಧ ಗಂಟೆಯೊಳಗಿನ ವ್ಯತ್ಯಾಸವಿದ್ದರೆ ವಾಚು ತನ್ನ ಶಕ್ತಿಗೆ ತಕ್ಕ ಕೆಲಸ ಮಾಡುತ್ತಿದೆ. ‘ಗಾಢ ನಿದ್ದೆ 55 ನಿಮಿಷ ಮಾತ್ರ’ ಎಂಬುದನ್ನು ಹಿಡಿದುಕೊಂಡು ಕೊರಗಬೇಡಿ. ವಯಸ್ಕರಲ್ಲಿ ಗಾಢ ನಿದ್ದೆ ಒಟ್ಟು ನಿದ್ದೆಯ ಶೇ 13ರಿಂದ 23ರಷ್ಟು, ವಯಸ್ಸಾದಂತೆ ಇನ್ನೂ ಕಡಿಮೆ. ಏಳು ಗಂಟೆ ಮಲಗಿದವರಿಗೆ 55 ನಿಮಿಷವೂ ಸಹಜದ ಒಳಗೇ ಬರುತ್ತದೆ. ಅಂಕ ಚೆನ್ನಾಗಿ ಬರಬೇಕೆಂಬ ಚಿಂತೆಯಲ್ಲೇ ನಿದ್ದೆಗೆಡುವವರ ಬಗ್ಗೆ ಅಮೆರಿಕದ ತಜ್ಞರು 2017ರಲ್ಲೇ ಬರೆದು, ಅದಕ್ಕೆ ‘ಆರ್ಥೊಸೋಮ್ನಿಯಾ’ ಎಂದು ಹೆಸರಿಟ್ಟಿದ್ದಾರೆ. ಇದಕ್ಕೆ ಉಲ್ಟಾ, ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿ ಎದ್ದು ಕೂರುವುದು, ಹಗಲು ಗಾಡಿ ಓಡಿಸುವಾಗ ತೂಕಡಿಕೆ ಇದ್ದರೆ ವಾಚಿನಲ್ಲಿ 90 ಅಂಕ ಬಂದಿದ್ದರೂ ವೈದ್ಯರನ್ನು ಕಾಣಬೇಕು. ನಿಮ್ಹಾನ್ಸ್‌ನಂಥ ಕಡೆ ನಿದ್ರಾ ಪ್ರಯೋಗಾಲಯಗಳಿವೆ.

ಇಷ್ಟೆಲ್ಲ ಮಾಡಿಯೂ ಸರಿಹೋಗದಿದ್ದರೆ ಯಂತ್ರದ್ದೇ ದೋಷ. ಹಿಂಬದಿ ಗಾಜಿನೊಳಗೆ ಮಂಜು ಕಟ್ಟಿದ್ದರೆ ನೀರು ಹೊಕ್ಕಿದೆ ಎಂದರ್ಥ. ನೀರಿನ ಒತ್ತಡ ತಡೆಯುವ ಮಟ್ಟವನ್ನು ‘5 ಎಟಿಎಂ’ ಎಂದು ಬರೆದ ವಾಚೂ ಹಂಡೆಯ ಬಿಸಿನೀರು, ಹಬೆ, ಸೋಪಿನ ನೊರೆಗೆ ಹೇಳಿ ಮಾಡಿಸಿದ್ದಲ್ಲ, ಅವು ರಬ್ಬರ್ ಸೀಲನ್ನು ಹಾಳುಮಾಡುತ್ತವೆ. ಹಿಂಬದಿಯ ಮುಚ್ಚಳ ಮೇಲೆದ್ದಿದ್ದರೆ ಬ್ಯಾಟರಿ ಉಬ್ಬಿದೆ. ಕೂಡಲೇ ಬಿಚ್ಚಿ, ಚಾರ್ಜ್ ಮಾಡಬೇಡಿ, ಒತ್ತಿ ಕೂರಿಸಲು ಹೋಗಬೇಡಿ. ವಾರಂಟಿ ಇರುವಾಗ ವಾಚು ಮತ್ತು ಆಕ್ಸಿಮೀಟರ್ ಎರಡೂ ಒಂದೇ ಚಿತ್ರದಲ್ಲಿ ಕಾಣುವಂತೆ ಮೂರು ಬೇರೆ ದಿನ ಫೋಟೊ ತೆಗೆದು, ಬಿಲ್ ಮತ್ತು ಸೀರಿಯಲ್ ನಂಬರ್ ಜೊತೆ ಲಿಖಿತವಾಗಿ ದೂರು ಕೊಡಿ. ‘ಇದು ವೈದ್ಯಕೀಯ ಸಾಧನವಲ್ಲ’ ಎಂದು ಕಂಪನಿಯವರು ಕೈತೊಳೆದುಕೊಂಡರೆ, ಜಾಹೀರಾತಿನಲ್ಲಿ ಬಡಿತ ಅಳೆಯುತ್ತದೆಂದು ಹೇಳಿಯೇ ಮಾರಿದ್ದೀರಿ ಎಂದು ಉತ್ತರಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ.

ಚುಚ್ಚದೆಯೇ ಸಕ್ಕರೆ ಅಳೆಯುತ್ತದೆ ಎಂದು ಮಾರುವ ವಾಚನ್ನು ಕೊಳ್ಳಲೇಬೇಡಿ. ಹಾಗೆ ಹೇಳಿಕೊಳ್ಳುವ ವಾಚು, ಉಂಗುರ ಯಾವುದಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದು ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿ ಎಚ್ಚರಿಸಿತ್ತು. ಆ ಅಂಕಿ ನೋಡಿ ಇನ್ಸುಲಿನ್ ಪ್ರಮಾಣ ಬದಲಿಸಿದರೆ ಜೀವಕ್ಕೇ ಅಪಾಯ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಮಾರಾಟಗಾರರಲ್ಲಿ ಮತ್ತು ಕಂಪನಿಗಳಲ್ಲಿ ನಮ್ಮದೊಂದು ಒತ್ತಾಯವಿದೆ. ಪೆಟ್ಟಿಗೆಯಲ್ಲಿ ಹತ್ತು ಭಾಷೆಯ ಸುರಕ್ಷತಾ ಸೂಚನೆ ಇರುತ್ತದೆ, ಕನ್ನಡ ಅಪರೂಪ. ಮೂಳೆಯಿಂದ ಎಷ್ಟು ಮೇಲೆ ಕಟ್ಟಬೇಕು, ಹಾಳೆ ಕೀಳಬೇಕು, ಜನ್ಮದಿನಾಂಕ ತುಂಬಬೇಕು, ಎದೆನೋವಿದ್ದರೆ ವಾಚನ್ನು ನಂಬದೆ 108ಕ್ಕೆ ಕರೆ ಮಾಡಬೇಕು ಎಂಬ ನಾಲ್ಕು ಸಾಲನ್ನು ಚಿತ್ರ ಸಮೇತ ಕನ್ನಡದಲ್ಲಿ ಅಚ್ಚು ಹಾಕಿ ಪೆಟ್ಟಿಗೆಯಲ್ಲಿಡಲು ದೊಡ್ಡ ಖರ್ಚೇನೂ ಬಾರದು. ಅಲ್ಲಿಯವರೆಗೆ ಅಂಗಡಿಯವರಾದರೂ ಬಿಲ್ ಕೊಡುವ ಮುನ್ನ ಗಿರಾಕಿಯ ಕೈಗೆ ವಾಚನ್ನು ತಾವೇ ಸರಿಯಾಗಿ ಕಟ್ಟಿ ತೋರಿಸಲಿ.

ಇಂತಿ,
ವೈದ್ಯಕೀಯ ಉಪಕರಣ ನಿರ್ವಹಣೆಯ ಇಬ್ಬರು ತಂತ್ರಜ್ಞರು,
ದಾವಣಗೆರೆ